ಉಸಿರಿಗೆ ಬಿಟ್ಟ ಜಾಗ

ವಡಾಲದ ಒಂದು ಕಾಲೊನಿಯ ಗಣಪತಿ ಮಂಡಳದ ಸೆಕ್ರೆಟರಿ ಕರೆಸಿದ್ದರು. ಸುಪಾರಿ ಕೊಡಲಿಕ್ಕೇ ಕರೆದಿದ್ದಾರೆಂದು ನಾನೂ ನಮ್ಮ ಟ್ರಂಪೆಟ್ ಅಣ್ಣನೂ ಹೋದೆವು. ಮುಂಬಯಿಯ ಬಾಜಾದವರಲ್ಲಿ ಸುಪಾರಿ ಎಂದರೆ ಕಾರ್ಯಕ್ರಮ ಗೊತ್ತುಮಾಡುವುದು, ಅಷ್ಟೇ. ಆ ಕಾಲೊನಿಗೆ ಗಣಪತಿ ಮೂರ್ತಿ ಬರುವ ದಿನ ಮೆರವಣಿಗೆಯ ಮುಂದೆ ನುಡಿಸುವವರು ಎಷ್ಟೋ ವರ್ಷಗಳಿಂದ ನಾವೇ.

ಸೆಕ್ರೆಟರಿ ಬೆಂಗಳೂರು ಕಡೆಯವರು, ಬ್ಯಾಂಕಿನಲ್ಲಿ ಕೆಲಸ. ಚಹಾ ಕೊಟ್ಟು, ತಮ್ಮ ಫೋನನ್ನು ನಮ್ಮ ಮುಂದೆ ಹಿಡಿದರು. ಹಿಂದಿನ ವರ್ಷದ ಮೆರವಣಿಗೆಯ ವಿಡಿಯೋ. ಅಣ್ಣ ಟ್ರಂಪೆಟ್ ಎತ್ತಿದ್ದಾರೆ, ಹುಡುಗರು ಕುಣಿಯುತ್ತಿದ್ದಾರೆ, ಢೋಲಿನ ಮೇಲೆ ಕೋಲು ಬೀಳುತ್ತಿದೆ. ಸದ್ದು ಮಾತ್ರ ಇಲ್ಲ.

"ನೋಡಿ ಸರ್, ಸೌಂಡೇ ಇಲ್ಲ. ನೆಟ್‌ಗೆ ಹಾಕಿದ್ರೆ ಸಿನಿಮಾ ಹಾಡು ಅಂತ ಅದೇ ಕಂಡುಹಿಡಿದು ಮ್ಯೂಟ್ ಮಾಡಿಬಿಡತ್ತಂತೆ. ಮತ್ತೆ ಮತ್ತೆ ಹಾಕಿದ್ರೂ ಹೀಗೇ. ಊರಲ್ಲಿರೋರು ಫೋನ್ ಮಾಡಿ, ಏನ್ರೀ ನಿಮ್ಮ ಗಣಪತಿ ಮೂಕನಾ ಅಂತ ಕೇಳಿದ್ರು," ಎಂದರು. "ಈ ಸಲ ಏನಾದ್ರೂ ನಿಮ್ಮದೇ ಹೊಸದು ಮಾಡಿ. ಯಾರ ಹಾಡೂ ಆಗಿರಬಾರದು."

"ನಾವು ಬಾಜಾದವರು ಮೇಡಂ," ಎಂದರು ಅಣ್ಣ. "ಹಾಡ ಮಾಡಾವ್ರು ಬ್ಯಾರೆ ಇರ್ತಾರ. ಅವ್ರು ಮಾಡಿದ್ದನ್ನ ನಾವು ಬಾರಸ್ತೀವಿ."

ನಾನು ಇನ್ನೂ ವಿಡಿಯೋ ನೋಡುತ್ತಿದ್ದೆ. ಅದರೊಳಗೆ ನನ್ನ ಕೈಗಳು ಬ್ಯಾಂಜೊದ ಮೇಲೆ ಓಡಾಡುತ್ತಿದ್ದವು. ಸದ್ದಿಲ್ಲದೆ ನೋಡಿದರೆ ಯಾವ ಹಾಡು ಎನ್ನುವುದು ನನಗೇ ಗೊತ್ತಾಗಲಿಲ್ಲ. "ಮಾಡ್ತೀವ್ರಿ ಮೇಡಂ," ಎಂದುಬಿಟ್ಟೆ.

ಹೊರಗೆ ಬಂದ ಮೇಲೆ ಸ್ಟೇಷನ್ ತನಕ ಅಣ್ಣ ನನಗಿಂತ ಮುಂದೆ ಮುಂದೆ ನಡೆದರು. ಸೇತುವೆಯ ಮೆಟ್ಟಿಲ ಹತ್ತಿರ ನಿಂತು, "ನೀ ಹೂಂ ಅಂದಿ. ನನ್ನ ಒಂದ ಮಾತ ಕೇಳಬೇಕಾಗಿತ್ತು," ಎಂದರು. ಅವರು ಬೆಳಗಾವಿಯವರು, ಬಂದರಿನ ಕಡೆಯ ಗೋದಾಮೊಂದರಲ್ಲಿ ಸ್ಟೋರ್‌ಕೀಪರ್. ನಮ್ಮ ಮನೆಯವರು ವಿಜಯಪುರದವರು. ನಾನು ಹುಟ್ಟಿ ಬೆಳೆದದ್ದು ಆಂಟಾಪ್ ಹಿಲ್‌ನಲ್ಲಿ, ಕೆಲಸ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ. ಈ ಬ್ಯಾಂಜೊ ಪಾರ್ಟಿ ಕಟ್ಟಿದವರು ನಾವಿಬ್ಬರೇ. ಅಷ್ಟು ವರ್ಷಗಳಲ್ಲಿ ಅವರನ್ನು ಕೇಳದೆ ನಾನು ಯಾರಿಗೂ ಹೂಂ ಅಂದವನಲ್ಲ.

ಬ್ಯಾಂಜೊ ಪಾರ್ಟಿ ಎಂದರೆ ಮುಂಬಯಿಯ ಹೊರಗಿನವರಿಗೆ ಸ್ವಲ್ಪ ಹೇಳಬೇಕಾಗುತ್ತದೆ. ನಮ್ಮ ಬ್ಯಾಂಜೊ ಒಂದು ಉದ್ದನೆಯ ಮರದ ಪೆಟ್ಟಿಗೆ. ಮೇಲೆ ತಂತಿಗಳು, ತಂತಿಗಳ ಮೇಲೆ ಟೈಪ್‌ರೈಟರಿನಂಥ ಗುಂಡಿಗಳು. ಎಡಗೈಯಿಂದ ಗುಂಡಿ ಒತ್ತುತ್ತಾ ಬಲಗೈಯಿಂದ ತಂತಿ ಮೀಟಬೇಕು. ಆ ಸದ್ದು ಕೈಗಾಡಿಯ ಮೇಲಿಟ್ಟ ಸ್ಪೀಕರಿನಿಂದ ಹೊರಡುತ್ತದೆ. ಜೊತೆಗೆ ಟ್ರಂಪೆಟ್, ಢೋಲು, ಸಣ್ಣ ಕಡ್ಡಿಗಳಿಂದ ಬಾರಿಸುವ ತಾಶಾ, ಮತ್ತು ಆಕ್ಟೋಪ್ಯಾಡ್ ಎನ್ನುವ ಎಂಟು ಚೌಕಗಳ ಎಲೆಕ್ಟ್ರಾನಿಕ್ ತಾಳವಾದ್ಯ. ಇಷ್ಟು ಇಟ್ಟುಕೊಂಡು ಸಿನಿಮಾ ಹಾಡುಗಳನ್ನು ನುಡಿಸುತ್ತಾ ಮೆರವಣಿಗೆಯ ಮುಂದೆ ನಡೆಯುವುದು ನಮ್ಮ ಕೆಲಸ. ಹೊಸ ಹಾಡು ಬಂದ ವಾರದೊಳಗೆ ಅದು ನಮ್ಮ ಕೈಯಲ್ಲಿರಬೇಕು. ಮೊದಲ ಸ್ವರ ಬಿದ್ದ ಕೂಡಲೇ ಜನ ಹೋ ಎಂದು ಕೂಗಿದರೆ ಆ ದಿನದ ಕೆಲಸ ಅರ್ಧ ಆದಂತೆ.

ಮೊದಲ ಚಾಲು ನಾನೇ ಮಾಡಿದೆ. ಹಾಡಿನ ಧಾಟಿಗೆ ನಾವು ಚಾಲು ಅನ್ನುತ್ತೇವೆ. ಆಫೀಸಿನಿಂದ ಬಂದು, ಸ್ಪೀಕರ್ ಹಚ್ಚದೆ ಬ್ಯಾಂಜೊ ಮುಂದಿಟ್ಟುಕೊಂಡು ಕೂತರೆ ಬೆರಳುಗಳು ತಾವಾಗಿ ಓಡಿದವು. ಇಷ್ಟು ಸುಲಭವೇ ಎನಿಸಿತು. ರವಿವಾರ ನಮ್ಮ ಬಿಲ್ಡಿಂಗಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಎಲ್ಲರಿಗೂ ಕೇಳಿಸಿದೆ. ಢೋಲಿನವನು ತಲೆಯಾಡಿಸುತ್ತಾ ಸೇರಿಕೊಂಡ. ತಾಶಾದವನೂ ಸೇರಿದ. ಅಣ್ಣ ಮೂಲೆಯಲ್ಲಿ ಕೂತು ಎರಡು ಸುತ್ತು ಕೇಳಿ, ಟ್ರಂಪೆಟ್ ಎತ್ತಿ ಮೂರನೆಯ ಸುತ್ತಿಗೆ ಜೊತೆಯಾದರು. ನನ್ನ ಚಾಲು ಮುಗಿಯುವ ಜಾಗದಲ್ಲಿ ಅವರು ಮುಗಿಸದೆ ಹಾಗೇ ಮುಂದೆ ಹೋದರು. ಅವರು ಮುಂದೆ ನುಡಿಸಿದ್ದು ನಾವು ಹುಡುಗರಾಗಿದ್ದಾಗ ಎಲ್ಲ ಮದುವೆಗಳಲ್ಲಿ ನುಡಿಸುತ್ತಿದ್ದ ಒಂದು ಸಿನಿಮಾ ಹಾಡಿನ ಚರಣ. ಅದು ನನ್ನ ಚಾಲಿಗೆ ಬೀಗಕ್ಕೆ ಕೀಲಿಕೈ ಕೂತಂತೆ ಕೂತಿತು.

ಎಲ್ಲರೂ ನಕ್ಕರು. ನಾನೂ ನಕ್ಕೆ. "ನಿಂದಲ್ಲೋ ಇದು," ಎಂದರು ಅಣ್ಣ. "ಸಾವಕಾಶ ಬಾರಿಸಿದಿ, ಅಷ್ಟ. ನಮ್ಮ ಕೈಯಾಗ ಮಂದಿ ಹಾಡ ತುಂಬ್ಯಾವ. ಹೊಸಾದು ಎಲ್ಲಿಂದ ಬರಬೇಕು?"

ಅದರ ಮುಂದಿನ ವಾರ ಮಾಡಿದ್ದನ್ನೆಲ್ಲ ನಾನೇ ಅನುಮಾನದಿಂದ ನೋಡತೊಡಗಿದೆ. ಒಂದು ಸಾಲು ಚೆನ್ನಾಗಿ ಬಂತೆಂದರೆ ಇದು ಯಾರದೋ ಇರಬೇಕು ಎನಿಸುತ್ತಿತ್ತು. ಯಾರದೂ ಅಲ್ಲ ಎಂದು ಖಾತ್ರಿಯಾದದ್ದು ಕೇಳಲು ಚೆನ್ನಾಗಿರುತ್ತಿರಲಿಲ್ಲ.

ಆಗ ನನ್ನ ಅಕ್ಕನ ಮಗಳು ಮುಂದೆ ಬಂದಳು. ನಮ್ಮ ಪಾರ್ಟಿಯಲ್ಲಿ ಆಕ್ಟೋಪ್ಯಾಡ್ ನುಡಿಸುವವಳು ಅವಳೇ. ಗೋರೆಗಾಂವಿನಲ್ಲಿ ವಿಡಿಯೋಗಳಿಗೆ ಧ್ವನಿ ಕೂಡಿಸುವ ಆಫೀಸೊಂದರಲ್ಲಿ ಕೆಲಸ. ರಜೆಯ ದಿನ ಹಾರ್ಬರ್ ಲೈನಿನ ಲೋಕಲ್ ಹಿಡಿದು ವಡಾಲಕ್ಕೆ ಬಂದು, ಅಲ್ಲಿಂದ ನಮ್ಮ ಶೆಡ್ಡಿಗೆ ಬರುತ್ತಾಳೆ. ಕನ್ನಡ ಎಲ್ಲಾ ಅರ್ಥವಾಗುತ್ತದೆ. ಮಾತಾಡುವಾಗ ಅರ್ಧದಲ್ಲಿ ಹಿಂದಿಗೆ ಜಾರುತ್ತಾಳೆ.

"ಮಾಮಾ, ನೀವು ಸುರದಿಂದ ಶುರು ಮಾಡ್ತೀರಿ, ಇಸೀಲಿಯೇ ಪುರಾನಾ ಗಾನಾ ಬರ್ತದ," ಎಂದಳು. "ನಾನು ತಾಳದಿಂದ ಶುರು ಮಾಡ್ತೀನಿ."

ಅವಳು ಮಾಡಿಕೊಂಡು ಬಂದದ್ದು ಏಳು ಮಾತ್ರೆಯ ಚಾಲು. ಕೂತು ಕೇಳಲು ಬಹಳ ಚೆನ್ನಾಗಿತ್ತು. ಇಂಥದ್ದನ್ನು ಯಾವ ಪಾರ್ಟಿಯೂ ನುಡಿಸಿರಲಿಕ್ಕಿಲ್ಲ ಎಂದುಕೊಂಡೆ. ಶೆಡ್ಡಿನಿಂದ ಹೊರಗೆ ಬಂದು ನುಡಿಸುತ್ತಾ ನಡೆದಾಗ ತೊಂದರೆ ಶುರುವಾಯಿತು. ಮನುಷ್ಯನಿಗೆ ಎರಡು ಕಾಲು. ಏಳರ ತಾಳದಲ್ಲಿ ಒಂದು ಸುತ್ತಿಗೆ ಎಡಗಾಲು ಮೊದಲು ಬಂದರೆ ಮುಂದಿನ ಸುತ್ತಿಗೆ ಬಲಗಾಲು ಬರುತ್ತದೆ. ದೊಡ್ಡ ಢೋಲು ಹೊಟ್ಟೆಗೆ ಕಟ್ಟಿಕೊಂಡ ಢೋಲಿನವನು ಗೇಟಿನ ಹತ್ತಿರ ಮುಗ್ಗರಿಸಿದ. "ದೀದಿ, ಇದು ನಿಂತು ಬಾರಿಸೋ ಹಾಡು," ಎಂದು ಹಿಂದಿಯಲ್ಲಿ ಹೇಳಿ ಢೋಲನ್ನು ಕೆಳಗಿಟ್ಟ.

ಅವಳು ಬಿಡಲಿಲ್ಲ. ಸ್ವಲ್ಪ ರಿಪೇರಿ ಮಾಡಿ, ಸೆಕ್ರೆಟರಿಗೆ ಕಳಿಸಿ ನೋಡೋಣ ಎಂದು ಧ್ವನಿಮುದ್ರಣಕ್ಕೆ ಸಿದ್ಧವಾದಳು. ಆಫೀಸಿನಿಂದ ಮೈಕುಗಳನ್ನು ಕೇಳಿ ತಂದು ಪ್ರತಿಯೊಂದು ವಾದ್ಯಕ್ಕೂ ಒಂದೊಂದು ಇಟ್ಟಳು. ಹೀಗೆ ಮಾಡಿದರೆ ಆಮೇಲೆ ಯಾವ ವಾದ್ಯವನ್ನು ಬೇಕಾದರೂ ಒಂಟಿಯಾಗಿ ಕೇಳಬಹುದು. ಮೈಕು ಸರಿಯಿದೆಯೇ ನೋಡಲೆಂದು ಮೊದಲು ನಮ್ಮ ಬಾಯಿಪಾಠದ ಒಂದು ಸಿನಿಮಾ ಹಾಡು ನುಡಿಸಿದೆವು. ನಂತರ ಹೊಸ ಚಾಲು.

ಎರಡು ದಿನ ಬಿಟ್ಟು ಸಂಜೆ ಅವಳು ಮನೆಗೇ ಬಂದಳು. ಕಿವಿಗೆ ಹಾಕುವ ದೊಡ್ಡ ಹೆಡ್‌ಫೋನ್ ನನ್ನ ತಲೆಗೆ ಹಾಕಿ, "ಸುನೋ ಮಾಮಾ. ಇದು ಬರೀ ಕಾಕಾಂದು," ಎಂದಳು. ಅಣ್ಣನಿಗೆ ಅವಳು ಕಾಕಾ ಎನ್ನುತ್ತಾಳೆ.

ಹೊಸ ಚಾಲಿನಲ್ಲಿ ಟ್ರಂಪೆಟ್ ಅಲ್ಲಲ್ಲಿ ಇರಲೇ ಇಲ್ಲ. ಮೇಲಿನ ಷಡ್ಜ ಬರಬೇಕಾದಲ್ಲೆಲ್ಲ ಒಂದು ಸಣ್ಣ ಗಾಳಿಯ ಸದ್ದು, ಆಮೇಲೆ ಏನೂ ಇಲ್ಲ.

"ಮೈಕ್ ಬಿಟ್ಟಿರಬೇಕು," ಎಂದೆ.

"ನಾನೂ ಹಂಗೇ ಅನ್ಕೊಂಡೆ. ಈಗ ಇದು ಕೇಳ್ರಿ." ಸಿನಿಮಾ ಹಾಡು ಹಾಕಿದಳು. ಅದರಲ್ಲೂ ಅದೇ ತೂತುಗಳು. ಮೇಲಕ್ಕೆ ಏರುವ ಸಾಲುಗಳಲ್ಲಿ ಅಣ್ಣ ಅರ್ಧಕ್ಕೆ ಬಿಟ್ಟು, ಕೆಳಗಿಳಿಯುವಾಗ ಮತ್ತೆ ಸೇರಿಕೊಳ್ಳುತ್ತಿದ್ದರು. ನಂತರ ಎಲ್ಲ ವಾದ್ಯ ಸೇರಿಸಿ ಅದೇ ಹಾಡನ್ನು ಕೇಳಿಸಿದಳು. ಆಗ ನನಗೆ ಒಂದು ತೂತೂ ಕಾಣಲಿಲ್ಲ. ಆ ಸ್ವರಗಳು ನನ್ನ ಕಿವಿಗೆ ಬೀಳುತ್ತಿದ್ದವು, ಟ್ರಂಪೆಟಿನಲ್ಲೇ ಬೀಳುತ್ತಿದ್ದವು ಎಂದು ಬೇಕಾದರೆ ಆಣೆ ಮಾಡುತ್ತಿದ್ದೆ. ಹಾಡು ಗೊತ್ತಿದ್ದರಿಂದ ನನ್ನ ಕಿವಿಯೇ ಅವನ್ನು ತುಂಬಿಕೊಳ್ಳುತ್ತಿತ್ತು. ಮೆರವಣಿಗೆಯಲ್ಲಿ ಕುಣಿಯುವವರಿಗೂ ಹೀಗೇ ಆಗುತ್ತಿರಬೇಕು.

"ಗೋರೆಗಾಂವಿನಲ್ಲಿ ನನಗೆ ಗೊತ್ತಿರೋ ಒಬ್ಬ ಟ್ರಂಪೆಟ್ ಹುಡುಗ ಇದ್ದಾನ," ಎಂದಳು. "ಒಂದು ದಿನಕ್ಕೆ ಬರ್ತಾನ. ಕಾಕಾಗೆ ಹೇಳೋದು ಹೇಗೆ, ವೋ ಆಪ್ ದೇಖೋ."

ಮರುದಿನ ಗೋದಾಮು ಬಿಡುವ ಹೊತ್ತಿಗೆ ಹೋಗಿ ಅಣ್ಣನನ್ನು ಕಂಡೆ. ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಕೂತೆವು. ಹೇಗೆ ಎತ್ತಬೇಕೆಂದು ತಿಳಿಯದೆ ರೆಕಾರ್ಡಿಂಗಿನ ಮಾತು ತೆಗೆದೆ. ಅವರು ಅದನ್ನು ಪೂರ್ತಿ ಮಾಡಗೊಡಲಿಲ್ಲ. ಗೋಡೆಯ ಕಡೆ ತಿರುಗಿ, ಬಾಯಿಗೆ ಕೈ ಹಾಕಿ, ಕಟ್ಟಿಸಿಕೊಂಡಿದ್ದ ಮೇಲಿನ ಮುಂದಿನ ಹಲ್ಲುಗಳನ್ನು ತೆಗೆದು ಅಂಗೈಯಲ್ಲಿ ತೋರಿಸಿ, ಮತ್ತೆ ಹಾಕಿಕೊಂಡರು.

"ಹೋಳಿ ಮುಂದ ಗೋದಾಮಿನಾಗ ಜಾರಿ ಬಿದ್ದು ಹಲ್ಲ ಮುರಕೊಂಡಿದ್ನಿ. ನಿಮಗೆಲ್ಲಾ ಬೆಳಗಾವಿಗೆ ಮದವಿಗೆ ಹೊಂಟೀನಿ ಅಂತ ಹೇಳಿದ್ನಿ," ಎಂದರು. "ಟ್ರಂಪೆಟ್ ತುಟಿಲೆ ಊದೂದಲ್ಲೋ ತಮ್ಮಾ, ತುಟಿ ಹಿಂದ ಹಲ್ಲ ಗಟ್ಟಿ ಇರಬೇಕು. ಮ್ಯಾಲಿನ ಸುರಕ್ಕ ಒತ್ತಿದ್ರ ಇವು ಅಲಗ್ಯಾಡತಾವ. ಸುರ ಹೊಂಡಂಗಿಲ್ಲ."

"ನಂಗ ಹೇಳಬೇಕಿತ್ತಲ್ರಿ."

"ಹೇಳಿ ಏನ ಮಾಡೂದಿತ್ತು? ಗೊತ್ತಿರೋ ಹಾಡಿನಾಗ ನಾ ಬಿಟ್ಟ ಸುರ ಮಂದಿ ತಾವ ಹಾಡಿಕೋತಾರ. ಬಾಜೂಕ ನಿಂತಾಂವ, ನಿನಗೂ ಗೊತ್ತಾಗಲಿಲ್ಲ. ಹೊಸಾ ಹಾಡಿನಾಗ ಯಾರ ಹಾಡತಾರ? ಅಲ್ಲಿ ಬಿಟ್ರ ಬಿಟ್ಟಂಗ." ಚಹಾದ ಕಪ್ಪನ್ನು ದೂರ ಸರಿಸಿದರು. "ಆ ಗೋರೆಗಾಂವ್ ಹುಡುಗನ್ನ ಕರಸ್ರಿ. ನಿನ್ನ ಸೊಸಿ ನಂಗೂ ಫೋನ್ ಮಾಡಿ ಸುತ್ತು ಬಳಸಿ ಹೇಳ್ಯಾಳ. ನಾ ಬ್ಯಾಡ ಅನ್ನಂಗಿಲ್ಲ."

ಅಂದು ಲೋಕಲಿಗೆ ಹೋಗದೆ ಮನೆಯವರೆಗೆ ನಡೆದೇ ಹೋದೆ. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಸೆಕ್ರೆಟರಿಗೆ ಆಗುವುದಿಲ್ಲ ಎಂದು ಹೇಳಬಹುದಿತ್ತು. ಅವರು ಬೇರೆ ಪಾರ್ಟಿಯನ್ನು ಕರೆಯುತ್ತಿದ್ದರು. ಹುಡುಗನನ್ನು ಕರೆಸಬಹುದಿತ್ತು, ಒಮ್ಮೆ ಕರೆಸಿದರೆ ಮತ್ತೆ ಮತ್ತೆ ಕರೆಸಬೇಕಾಗುತ್ತದೆ, ಅಣ್ಣ ಮನೆಯಲ್ಲಿ ಕೂರುತ್ತಾರೆ. ನಡೆಯುತ್ತಾ ಹೊಳೆದದ್ದು ಇಷ್ಟು: ಸಿನಿಮಾ ಹಾಡಾದರೆ ಅದು ಮೊದಲೇ ಆಗಿಹೋಗಿರುತ್ತದೆ, ಅದರ ಎತ್ತರಕ್ಕೆ ನಾವು ಏರಬೇಕು. ನಮ್ಮ ಚಾಲು ಇನ್ನೂ ಆಗಿಯೇ ಇಲ್ಲ. ಅದು ಯಾಕೆ ಅಣ್ಣನಿಗೆ ಬಾರದ ಸ್ವರಕ್ಕೆ ಹೋಗಬೇಕು?

ರವಿವಾರ ಬೆಳಿಗ್ಗೆ ಅಣ್ಣನನ್ನೂ ಅಕ್ಕನ ಮಗಳನ್ನೂ ಮಾತ್ರ ನಮ್ಮ ಮನೆ ಹತ್ತಿರದ ಮೈದಾನಕ್ಕೆ ಕರೆದೆ. ಢೋಲಿನವನು ಕರೆಯದೆಯೂ ಬಂದ. ಅಣ್ಣನಿಗೆ, "ಹಾಡು ಬ್ಯಾಡ. ಇವತ್ತು ಹಲ್ಲು ಅಲಗ್ಯಾಡದಂಗ ಯಾವ ಯಾವ ಸುರ ಬರ್ತಾವ, ಅಷ್ಟ ಊದ್ರಿ," ಎಂದೆ.

ಅವರಿಗೆ ಸಿಟ್ಟು ಬಂತು. "ಡಾಕ್ಟರ್ ಏನ ನೀ?" ಎಂದರು. ಸ್ವಲ್ಪ ಹೊತ್ತು ಟ್ರಂಪೆಟನ್ನು ಚೀಲದಿಂದ ಹೊರಗೇ ತೆಗೆಯಲಿಲ್ಲ. ಅಕ್ಕನ ಮಗಳಿಗೆ ಹಲ್ಲಿನ ವಿಷಯ ನಾನು ಆಗಲೇ ಹೇಳಿದ್ದೆ. ಅವಳು ಅವರ ಪಕ್ಕ ಕೂತು, ಒಂದೊಂದೇ ಶಬ್ದ ಹುಡುಕುತ್ತಾ, "ಕಾಕಾ, ನಂಗ ಕನ್ನಡ ಪೂರಾ ಬರಂಗಿಲ್ಲ. ಜಿತ್ನಾ ಬರ್ತದ, ಅಷ್ಟರಾಗೇ ಮಾತಾಡ್ತೀನಿ," ಎಂದಳು. ಅವರು ಅವಳ ಮುಖ ನೋಡಿದರು. ಚೀಲದ ಜಿಪ್ ಎಳೆದರು.

ಕೆಳಗಿನ ಪಂಚಮದಿಂದ ನಡುವಿನ ಮಧ್ಯಮದ ತನಕ ಸ್ವರಗಳು ಗಟ್ಟಿಯಾಗಿ ಬಂದವು. ಗಟ್ಟಿ ಎಂದರೆ ಅಂಥಿಂಥ ಗಟ್ಟಿಯಲ್ಲ. ಆ ಕೆಳಗಿನ ಸ್ವರಗಳನ್ನು ಅಣ್ಣ ಅಷ್ಟು ತುಂಬಿ ಊದಿದ್ದನ್ನು ನಾನು ಕೇಳಿರಲಿಲ್ಲ. ಸಿನಿಮಾ ಹಾಡುಗಳಲ್ಲಿ ಟ್ರಂಪೆಟಿಗೆ ಅಲ್ಲಿ ಕೆಲಸವೇ ಇರುವುದಿಲ್ಲ, ಯಾವಾಗಲೂ ಮೇಲೇ ಕೂಗಬೇಕು. ಮಧ್ಯಮದ ಮೇಲೆ ಹೋದರೆ ಸ್ವರ ಸೀಳುತ್ತಿತ್ತು.

ಆಮೇಲೆ ನಡೆದು ನೋಡಿದೆವು. ಮೂರ್ತಿಯ ಗಾಡಿ ಬಹಳ ನಿಧಾನ. ಅದರ ಮುಂದೆ ನಾವು ಒಂದು ಹೆಜ್ಜೆ ಇಟ್ಟು ತೂಗಿ, ಇನ್ನೊಂದು ಹೆಜ್ಜೆ ಇಡುತ್ತೇವೆ. ಢೋಲಿನವನು ಆ ನಡಿಗೆಯ ಪೆಟ್ಟು ಹಾಕಿದ. ಅಣ್ಣ ಊದುತ್ತಾ ನಡೆದರು. ನಡೆಯುವಾಗ ಅವರ ಉಸಿರು ನಾಲ್ಕು ಹೆಜ್ಜೆ ಬರುತ್ತಿತ್ತು. ಆಮೇಲೆ ಬಾಯಿ ಬಿಟ್ಟು, ನಾಲಿಗೆಯಿಂದ ಹಲ್ಲನ್ನು ಒತ್ತಿ ಕೂರಿಸಿ, ಉಸಿರು ತುಂಬಿಕೊಳ್ಳಲು ಎರಡು ಹೆಜ್ಜೆ ಬೇಕಾಗುತ್ತಿತ್ತು. ಒಂದು ಹೆಜ್ಜೆಯಲ್ಲಿ ಮುಗಿಸಲು ನೋಡಿದರೆ ಮುಂದಿನ ಸಾಲಿನ ಮೊದಲ ಸ್ವರ ಕೆಡುತ್ತಿತ್ತು.

ಹಾಗಾದರೆ ನಾಲ್ಕು ಹೆಜ್ಜೆ ಚಾಲು, ಎರಡು ಹೆಜ್ಜೆ ಖಾಲಿ. ಅಷ್ಟು ಗೊತ್ತಾದ ಮೇಲೆ ಚಾಲು ಮಾಡುವುದು ಕಷ್ಟವಾಗಲಿಲ್ಲ. ಸ್ವರಗಳು ಕೆಲವೇ, ಜಾಗ ಕಡಿಮೆ. ನನ್ನ ಬೆರಳು ಹಳೆಯ ಹಾಡಿನ ಕಡೆಗೆ ಓಡಲು ದಾರಿಯೇ ಇರಲಿಲ್ಲ. ಮೊದಲ ಸಾಲು ಅಣ್ಣನೇ ಊದಿದರು, ಬಹುಶಃ ಸುಮ್ಮನೆ ಬಾಯಿ ಹದ ಮಾಡಿಕೊಳ್ಳಲು. ಎರಡನೆಯದನ್ನು ನಾನು ಬ್ಯಾಂಜೊದಲ್ಲಿ ಅದಕ್ಕೆ ಉತ್ತರದಂತೆ ಕೊಟ್ಟೆ. ಮೂರನೆಯದು ಜಗಳವಾಡಿ ಬಂತು. ನಾಲ್ಕನೆಯದು ಮೊದಲನೆಯದೇ, ಕೊನೆಯ ಸ್ವರ ಮಾತ್ರ ಕೆಳಗೆ.

ಜಗಳ ಮುಖ್ಯವಾಗಿ ಆ ಖಾಲಿ ಜಾಗದ್ದು. ಅಕ್ಕನ ಮಗಳು ಅಲ್ಲಿ ಆಕ್ಟೋಪ್ಯಾಡಿನ ತುಂಡೊಂದನ್ನು ಹಾಕಬೇಕೆಂದಳು. ಖಾಲಿ ಬಿಟ್ಟರೆ ಮರೆತು ನಿಂತಂತೆ ಕಾಣುತ್ತದೆ ಎಂಬುದು ಅವಳ ವಾದ, ನನಗೂ ಹಾಗೆಯೇ ಅನಿಸುತ್ತಿತ್ತು. ಹಾಕಿಯೂ ನೋಡಿದೆವು. ಆದರೆ ಆ ಎರಡು ಹೆಜ್ಜೆಯಲ್ಲಿ ಅಣ್ಣ ತಮ್ಮ ಕಾಲಿನ ಸದ್ದು ಕೇಳಿಕೊಂಡು ಮುಂದಿನ ಸಾಲಿಗೆ ಬರುತ್ತಿದ್ದರು. ಆಕ್ಟೋಪ್ಯಾಡಿನ ಗದ್ದಲದಲ್ಲಿ ಅವರಿಗೆ ಹೆಜ್ಜೆ ತಪ್ಪಿತು. ಎರಡು ರವಿವಾರ ಬೇರೆ ಬೇರೆ ತುಂಡು ಹಾಕಿ ನೋಡಿ, ಕೊನೆಗೆ ಅವಳೇ ಎಲ್ಲವನ್ನೂ ತೆಗೆದಳು. ಢೋಲಿನ ನಡಿಗೆಯ ಪೆಟ್ಟು ಮಾತ್ರ ಉಳಿಯಿತು.

ರೆಕಾರ್ಡ್ ಮಾಡಿ ಸೆಕ್ರೆಟರಿಗೆ ಕಳಿಸಿದೆವು. ಅವರ ಉತ್ತರ ಬಂತು: "ಚೆನ್ನಾಗಿದೆ ಸರ್. ಸ್ವಲ್ಪ ಸಿಂಪಲ್ ಆಯ್ತಾ?" ಹೆಸರೇನು ಎಂದೂ ಕೇಳಿದ್ದರು. ಮರಾಠಿಯಲ್ಲಿ ಹಾಡಿನ ಧಾಟಿಗೂ ನಡಿಗೆಗೂ ಚಾಲ್ ಎಂದೇ ಹೆಸರು. ಅಕ್ಕನ ಮಗಳು "ವಡಾಲಾ ಚಾಲ್" ಎಂದು ಬರೆದು ಕಳಿಸಿದಳು.

ಮೂರ್ತಿ ಬರುವ ದಿನ ಮಧ್ಯಾಹ್ನ ಮಳೆ ಬಿಟ್ಟಿತ್ತು. ಪರೇಲಿನ ಮೂರ್ತಿ ಮಾಡುವ ಕಾರ್ಖಾನೆಯಿಂದ ಟ್ರಕ್ಕಿನಲ್ಲಿ ಬಂದ ಗಣಪತಿಯನ್ನು ಕಾಲೊನಿಯ ರಸ್ತೆ ಶುರುವಾಗುವಲ್ಲಿ ಗಾಡಿಗೆ ಇಳಿಸಿಕೊಂಡರು. ನಾವು ಮುಂದೆ ಸಾಲಾಗಿ ನಿಂತೆವು. ಅಣ್ಣ ಬಿಳಿ ಟೊಪ್ಪಿಗೆ ಹಾಕಿ ನನ್ನ ಬಲಕ್ಕೆ. ಆಕ್ಟೋಪ್ಯಾಡ್ ಹಿಂದೆ ಕೈಗಾಡಿಯ ಮೇಲೆ.

ಚಾಲು ಶುರುವಾಯಿತು. ಕೂಗು ಬರಲಿಲ್ಲ. ಮೊದಲ ಸ್ವರಕ್ಕೆ ಹೋ ಎನ್ನುವ ಕೂಗಿಗೆ ನನ್ನ ಕಿವಿ ಎಷ್ಟು ಒಗ್ಗಿತ್ತೆಂದರೆ, ಸ್ಪೀಕರ್ ಕೆಟ್ಟಿತೇನೋ ಎಂದು ತಿರುಗಿ ನೋಡಿದೆ. ಜನ ಫೋನುಗಳನ್ನು ಎತ್ತಿ ಹಿಡಿದು ನೋಡುತ್ತಿದ್ದರು. ಕುಣಿಯಲು ಮುಂದೆ ಬಂದ ಹುಡುಗರು ಕೈ ಕಟ್ಟಿ ನಿಂತಿದ್ದರು. ಖಾಲಿ ಜಾಗ ಬಂದಾಗಲೆಲ್ಲ ಮೆರವಣಿಗೆಯಲ್ಲಿ ಢೋಲಿನ ಪೆಟ್ಟೊಂದೇ ಕೇಳಿಸುತ್ತಿತ್ತು. ಅಷ್ಟು ದೊಡ್ಡ ರಸ್ತೆಯಲ್ಲಿ ಆ ಎರಡು ಹೆಜ್ಜೆ ನನಗೆ ಬಹಳ ಉದ್ದವೆನಿಸಿದವು.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಹುಡುಗರು ಆ ವರ್ಷದ ಒಂದು ಸಿನಿಮಾ ಹಾಡಿನ ಹೆಸರು ಹೇಳಿ ಕೂಗತೊಡಗಿದರು. ಸೆಕ್ರೆಟರಿ ಸೀರೆಯ ಸೆರಗು ಸಿಕ್ಕಿಸಿಕೊಂಡು ಗುಂಪಿನೊಳಗಿಂದ ನನ್ನ ಹತ್ತಿರ ಬಂದರು. "ಸರ್, ಒಂದೆರಡು ಫಿಲ್ಮ್ ಸಾಂಗ್ ಹಾಕಿಬಿಡಿ. ಹುಡುಗರು ಬೇಜಾರಾಗ್ತಿದಾರೆ. ವಿಡಿಯೋ ಕತೆ ಆಮೇಲೆ ನೋಡ್ಕೊಳ್ಳೋಣ."

ಹೊಸದು ಬೇಕೆಂದವರೇ ಹೀಗೆ ಹೇಳಿದ ಮೇಲೆ ನನಗೂ ಬದಲಾಯಿಸುವುದೇ ಸರಿ ಎನಿಸಿತು. ಬದಲಾಯಿಸುವಾಗ ನಾನು ಎಡಗೈ ಎತ್ತಿ ತೋರಿಸುತ್ತೇನೆ. ಕೈ ಎತ್ತುವ ಮೊದಲು ಅಣ್ಣನ ಕಡೆ ನೋಡಿದೆ. ಅವರು ಎರಡು ಹೆಜ್ಜೆಯ ಬಿಡುವಿನಲ್ಲಿದ್ದರು; ಹಲ್ಲನ್ನು ಒತ್ತಿಕೊಳ್ಳುತ್ತಲೇ ನನ್ನನ್ನು ನೋಡಿ, ಬದಲಾಯಿಸಬೇಡ ಎಂದು ತಲೆಯಾಡಿಸಿದರು. ಹೊಸದು ಮಾಡುವುದು ನಮ್ಮ ಕೆಲಸವಲ್ಲವೆಂದು ಮೊದಲ ದಿನವೇ ಹೇಳಿದವರು ಅವರು.

"ಆ ತಿರುವಿನ ತನಕ ಬಿಡ್ರಿ ಮೇಡಂ," ಎಂದೆ ಸೆಕ್ರೆಟರಿಗೆ.

ತಿರುವಿನಲ್ಲಿ ರಸ್ತೆಗೆ ಅಡ್ಡವಾಗಿ ಕೇಬಲ್ ವೈರುಗಳು ಜೋತುಬಿದ್ದಿದ್ದವು. ಗಣಪತಿಯ ಕಿರೀಟಕ್ಕೆ ತಾಗುತ್ತದೆಂದು ಮೆರವಣಿಗೆ ನಿಂತಿತು. ಮಂಡಳದವರು ಬಿದಿರಿನ ಕೋಲುಗಳಿಂದ ಒಂದೊಂದೇ ವೈರು ಎತ್ತತೊಡಗಿದರು. ಇಂಥ ಹೊತ್ತಿನಲ್ಲಿ ಬಾಜಾ ನಿಲ್ಲುವಂತಿಲ್ಲ. ನಿಂತಲ್ಲೇ ಹೆಜ್ಜೆ ಹಾಕುತ್ತಾ ಅದೇ ಚಾಲನ್ನು ಸುತ್ತಿ ಸುತ್ತಿ ನುಡಿಸಿದೆವು. ಜನರಿಗೂ ಹೋಗಲು ಬೇರೆ ಜಾಗವಿರಲಿಲ್ಲ, ಕೇಳಲು ಬೇರೇನೂ ಇರಲಿಲ್ಲ.

ಮೊದಲು ಚಪ್ಪಾಳೆ ಹೊಡೆದದ್ದು ಯಾರೆಂದು ನಾನು ನೋಡಲಿಲ್ಲ. ಎಡಕ್ಕಿದ್ದ ಬಿಲ್ಡಿಂಗಿನ ಮೆಟ್ಟಿಲ ಮೇಲೆ ಕೂತಿದ್ದ ಹೆಂಗಸರ ಕಡೆಯಿಂದ ಬಂತು. ಖಾಲಿ ಜಾಗದಲ್ಲಿ ಎರಡು ಚಪ್ಪಾಳೆ, ಸರಿಯಾಗಿ ಹೆಜ್ಜೆಯ ಮೇಲೆ. ಮುಂದಿನ ಸಾಲಿನ ಕೊನೆಗೆ ಅದೇ ಎರಡು, ಇನ್ನಷ್ಟು ಕೈಗಳಿಂದ. ಚಾಲಿನ ಉಳಿದ ಭಾಗ ಅವರಿಗೆ ಇನ್ನೂ ಬಾಯಿಗೆ ಬಂದಿರಲಿಲ್ಲ. ಆದರೆ ಎಲ್ಲಿ ಚಾಲು ನಿಲ್ಲುತ್ತದೆ ಎನ್ನುವುದು ಗೊತ್ತಾಗಿತ್ತು. ಕೈಕಟ್ಟಿ ನಿಂತ ಹುಡುಗರು ಕೈ ಬಿಚ್ಚಿದರು. ಕಡೆಯ ವೈರು ಎತ್ತುವ ಹೊತ್ತಿಗೆ ಇಡೀ ತಿರುವು ಆ ಎರಡು ಚಪ್ಪಾಳೆಗೆ ಕಾಯುತ್ತಿತ್ತು. ಹಿಂದೆ ಕೈಗಾಡಿಯ ಮೇಲೆ ಅಕ್ಕನ ಮಗಳು ಕೋಲುಗಳನ್ನು ಕಂಕುಳಲ್ಲಿಟ್ಟು ತಾನೂ ಚಪ್ಪಾಳೆ ಹೊಡೆಯುತ್ತಿದ್ದಳು. ಅಣ್ಣ ಟೊಪ್ಪಿಗೆಯನ್ನು ಹಿಂದಕ್ಕೆ ಸರಿಸಿ, ಅವಸರವಿಲ್ಲದೆ ಉಸಿರು ತೆಗೆದುಕೊಳ್ಳುತ್ತಿದ್ದರು.

ಗಾಡಿ ಮುಂದೆ ಹೊರಟಾಗ ಅದೇ ಚಾಲಿನಲ್ಲಿ ಕಾಲೊನಿಯ ಗೇಟಿನವರೆಗೆ ಹೋದೆವು. ಗೇಟಿನ ಒಳಗೆ ಸಿನಿಮಾ ಹಾಡುಗಳನ್ನೂ ನುಡಿಸಿದೆವು. ಹುಡುಗರು ಕೇಳಿದ್ದರು, ಅವರ ಹಬ್ಬವೂ ಹೌದಲ್ಲ. ಆ ಹಾಡುಗಳಲ್ಲಿ ಅಣ್ಣ ಮೇಲಿನ ಸ್ವರಗಳನ್ನು ಬಿಟ್ಟರು, ಜನ ಹಾಡಿಕೊಂಡರು. ಈಗ ನನಗೆ ಆ ತೂತುಗಳು ಕೇಳಿಸುತ್ತಿದ್ದವು. ಬ್ಯಾಂಜೊದಲ್ಲಿ ನಾನು ಅವನ್ನು ಸ್ವಲ್ಪ ಗಟ್ಟಿಯಾಗಿ ಮೀಟಿದೆ.

ಈ ಸಲ ವಿಡಿಯೋ ಮೂಕವಾಗಲಿಲ್ಲ. ಊರಿನವರೆಲ್ಲ ನೋಡಿದರೆಂದು ಸೆಕ್ರೆಟರಿ ಸಿಹಿ ಕಳಿಸಿದರು. ಅದರಿಂದ ನಮ್ಮ ಕೆಲಸವೇನೂ ಬದಲಾಗಲಿಲ್ಲ. ಸುಪಾರಿ ಕೊಡಲು ಬರುವ ಹೆಚ್ಚಿನವರು ಇವತ್ತಿಗೂ ಸಿನಿಮಾ ಹಾಡುಗಳನ್ನೇ ಕೇಳುತ್ತಾರೆ, ನಾವೂ ಅವನ್ನೇ ಕಲಿಯುತ್ತೇವೆ. ಅಲ್ಲೊಬ್ಬರು ಇಲ್ಲೊಬ್ಬರು, ಆ ಚಪ್ಪಾಳೆಯದು ನುಡಿಸ್ತೀರಾ ಎಂದು ಕೇಳುತ್ತಾರೆ. ಅಕ್ಕನ ಮಗಳು ಇನ್ನೊಂದು ಚಾಲು ಮಾಡಿದ್ದಾಳೆ. ಅದಕ್ಕೆ ಮೊದಲು ಅಣ್ಣನ ಜೊತೆ ಮೈದಾನದಲ್ಲಿ ನಡೆದು ನೋಡಿಯೇ ಮಾಡಿದಳು.

ನವರಾತ್ರಿಯ ಮುಂಚೆ ಆಂಪ್ಲಿಫೈಯರ್ ರಿಪೇರಿಗೆಂದು ನಾನೂ ಅಣ್ಣನೂ ಗೋರೆಗಾಂವಿಗೆ ಹೋಗಿದ್ದೆವು. ಕೆಲಸ ಮುಗಿಸಿ ಸ್ಟೇಷನ್ ಕಡೆ ಬರುವಾಗ ದೇವಿಯ ಮೂರ್ತಿಯ ಮೆರವಣಿಗೆಯೊಂದು ಎದುರಾಯಿತು. ಮುಂದೆ ನಮಗೆ ಗೊತ್ತಿಲ್ಲದ ಒಂದು ಬ್ಯಾಂಜೊ ಪಾರ್ಟಿ. ಅವರು ನುಡಿಸುತ್ತಿದ್ದದ್ದು ನಮ್ಮ ಚಾಲು. ವಿಡಿಯೋದಿಂದ ಎತ್ತಿಕೊಂಡಿರಬೇಕು, ನಾವು ಸಿನಿಮಾ ಹಾಡು ಎತ್ತುವ ಹಾಗೆ. ಸಾಲುಗಳೆಲ್ಲ ಸರಿಯಾಗಿದ್ದವು. ಆದರೆ ಖಾಲಿ ಬಿಡಬೇಕಾದ ಕಡೆ ಅವರ ಟ್ರಂಪೆಟ್ ಹುಡುಗ ಮೇಲಿನ ಷಡ್ಜವನ್ನು ಹಿಡಿದು, ಎರಡೂ ಹೆಜ್ಜೆ ಬಿಡದೆ ಎಳೆದು, ಹಾಗೇ ಮುಂದಿನ ಸಾಲಿಗೆ ಇಳಿಯುತ್ತಿದ್ದ. ಚಪ್ಪಾಳೆಗೆ ಅಲ್ಲಿ ಜಾಗವಿರಲಿಲ್ಲ. ಜನ ಕೈ ಮೇಲೆತ್ತಿ ಕುಣಿಯುತ್ತಿದ್ದರು.

ನಾವು ಅಂಗಡಿಯೊಂದರ ಮುಂದೆ ನಿಂತೆವು. "ಅಲ್ಲಿ ಬಿಡಬೇಕ್ರಿ," ಎಂದೆ ಅಣ್ಣನಿಗೆ. "ತಪ್ಪ ಬಾರಸಾಕತ್ತಾನ."

ಅಣ್ಣ ಇನ್ನೊಂದು ಸುತ್ತು ಪೂರ್ತಿ ಕೇಳಿದರು. ಹುಡುಗ ನಮ್ಮನ್ನು ದಾಟಿ ಹೋಗುವಾಗ ಅವರ ಕಣ್ಣು ಅವನ ತುಟಿಯ ಮೇಲೇ ಇತ್ತು.

"ತಪ್ಪೇನಿಲ್ಲೋ ತಮ್ಮಾ," ಎಂದರು. "ಅಂವಗ ಹಲ್ಲ ಅದಾವ."